ಸ್ಟ್ರೋಕ್ ಆದ ಅಪ್ಪಂಗೆ ಸ್ಟೆಮ್ ಸೆಲ್ ಮಾಡಿಸಬಹುದಾ? ಗೊತ್ತಿದ್ದೋರು ಹೇಳಿ

ತೋಟದಮನೆ:
ನಮ್ಮೂರು ತೀರ್ಥಹಳ್ಳಿ ಹತ್ರ. ಅಪ್ಪಂಗೆ 64. ಜುಲೈಲಿ ಬೆಳಗ್ಗೆ ಹಲ್ಲುಜ್ಜುವಾಗ ಲಕ್ವ ಹೊಡೀತು, ಜೋರು ಮಳೆ, ರಸ್ತೆಗೆ ಮರ ಬಿದ್ದಿತ್ತು, ಶಿವಮೊಗ್ಗ ಮುಟ್ಟೋ ಹೊತ್ತಿಗೆ ಆರು ಗಂಟೆ ಕಳೆದೋಗಿತ್ತು, ಹೆಪ್ಪು ಕರಗಿಸೋ ಇಂಜೆಕ್ಷನ್ನು ನಾಲ್ಕೂವರೆ ಗಂಟೆ ಒಳಗೆ ಆಗ್ಬೇಕಿತ್ತು ಅಂದ್ರು. ಈಗ ಐದು ತಿಂಗಳು. ಕೋಲು ಹಿಡ್ಕೊಂಡು ಅಂಗಳದ ತನಕ ಬರ್ತಾರೆ, ಆದ್ರೆ ಬಲಗೈ ಮುಷ್ಟಿ ಬಿಚ್ಚಲ್ಲ. ಮೊನ್ನೆ ಅಡಿಕೆ ಸುಲಿಯೋ ಜಾಗಕ್ಕೆ ಬಂದು ಮೆಟ್ಟುಗತ್ತಿ ನೋಡ್ತಾ ಸುಮ್ನೆ ಕೂತಿದ್ರು, ನಂಗೆ ತಡ್ಕೊಳಕ್ಕೆ ಆಗ್ಲಿಲ್ಲ.

ಬೆಂಗಳೂರಿನ ಒಂದು ಸೆಂಟರಿನೋರು ಸ್ಟೆಮ್ ಸೆಲ್ (ಬೇರೆ ಬೇರೆ ಥರದ ಜೀವಕೋಶ ಆಗಬಲ್ಲ ಮೂಲ ಜೀವಕೋಶ) ಕೊಟ್ರೆ ಕೈ ಬರುತ್ತೆ ಅಂತಾರೆ, ಮೂರು ಡೋಸು, ಆರು ಲಕ್ಷ. ಅಮ್ಮ ಬಳೆ ತೆಗೆದು ದೇವರ ಗೂಡಲ್ಲಿ ಇಟ್ಟಿದ್ದಾರೆ, ಮಾರು ಅಂತ. ಎಂತ ಮಾಡೋದು?

ಫಿಸಿಯೋ_ಶಿವಮೊಗ್ಗ:
ದಯವಿಟ್ಟು ಬಳೆ ಮಾರಬೇಡಿ. ನಾನು ದಿನಾ ಲಕ್ವ ಆದೋರ ಜೊತೆನೇ ಕೆಲಸ ಮಾಡೋದು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ನಮ್ಮ ದೇಶದಲ್ಲೇ ಇದನ್ನ ಸರಿಯಾಗಿ ಪರೀಕ್ಷೆ ಮಾಡಿ ನೋಡಿದಾರೆ. ದೆಹಲಿ ಏಮ್ಸ್‌ನೋರ ಮುಂದಾಳತ್ವದಲ್ಲಿ ಐದು ಆಸ್ಪತ್ರೆ, 120 ಪೇಷೆಂಟು, ಅರ್ಧ ಜನಕ್ಕೆ ಅವರದ್ದೇ ಮೂಳೆ ಮಜ್ಜೆಯಿಂದ ತೆಗೆದ ಸೆಲ್ಸ್‌ನ ನರಕ್ಕೆ, ಅಂದ್ರೆ ರಕ್ತನಾಳಕ್ಕೆ, ಕೊಟ್ರು. ರಿಸಲ್ಟ್ 2014ರಲ್ಲಿ ಬಂತು. ತೊಂದರೆ ಆಗ್ಲಿಲ್ಲ, ಆದ್ರೆ ಆರು ತಿಂಗಳಾದ್ಮೇಲೆ ಕೊಟ್ಟೋರಿಗೂ ಕೊಡದೇ ಇದ್ದೋರಿಗೂ ವ್ಯತ್ಯಾಸನೇ ಇರ್ಲಿಲ್ಲ. ಜಪಾನಲ್ಲಿ ಬೇರೆ ಥರದ ಸೆಲ್ಸ್ ಇಟ್ಕೊಂಡು 206 ಜನರ ಮೇಲೆ ಮಾಡಿದ್ದು 2024ರಲ್ಲಿ ಬಂತು, ಅದರಲ್ಲೂ ಅಂದ್ಕೊಂಡಷ್ಟು ಗುಣ ಕಾಣಲಿಲ್ಲ. ನರಕ್ಕೆ ಹಾಕಿದ ಸೆಲ್ಸ್ ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಾಕೊಳ್ತಾವೆ, ಸತ್ತ ಮೆದುಳಿನ ಜಾಗಕ್ಕೆ ಹೋಗಿ ಹೊಸ ಮೆದುಳು ಬೆಳೆಸಲ್ಲ. ಐಸಿಎಂಆರ್ (ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ) 2017ರ ಗೈಡ್‌ಲೈನಲ್ಲೂ ರಕ್ತದ ಕಾಯಿಲೆಗಳಿಗೆ ಮಾಡೋ ಮಜ್ಜೆ ಕಸಿ ಥರದ್ದು ಬಿಟ್ರೆ ಉಳಿದಿದ್ದೆಲ್ಲ ಟ್ರಯಲ್ ಒಳಗೆ ಮಾತ್ರ ಅಂತಿದೆ. ನಿಜವಾದ ಟ್ರಯಲ್ ಆದ್ರೆ ಪೇಷೆಂಟ್ ಹತ್ರ ದುಡ್ಡು ಕೇಳಂಗಿಲ್ಲ. ಸಿಟಿಆರ್‌ಐ (ದೇಶದ ಟ್ರಯಲ್‌ಗಳನ್ನ ದಾಖಲು ಮಾಡೋ ಸರ್ಕಾರಿ ಪಟ್ಟಿ) ನಂಬರ್ ಕೊಡಿ ಅಂತ ಕೇಳಿ ನೋಡಿ.

ಹೊಸನಗರದ_ಅಳಿಯ:
ನಮ್ಮ ಮಾವಂಗೆ ಮಾಡ್ಸಿದ್ವಿ. ಊರು ಹೆಸರು ಬೇಡ. ನಾಲ್ಕು ಲಕ್ಷ ಕೊಟ್ವಿ, ಅದರಲ್ಲಿ ಒಂದು ಪಾಲು ಸೊಸೈಟಿ ಸಾಲ, ಸೆಲ್ ಹಾಕಿದ್ಮೇಲೆ ಅಲ್ಲೇ ಮೂರು ವಾರ ಇಟ್ಕೊಂಡು ದಿನಕ್ಕೆ ಎರಡು ಹೊತ್ತು ಫಿಸಿಯೋ ಮಾಡ್ಸಿದ್ರು, ಕಾಲು ಸ್ವಲ್ಪ ಗಟ್ಟಿ ಆಯ್ತು, ನಾವು ಸೆಲ್ಲಿಂದಾನೇ ಅಂದ್ಕೊಂಡ್ವಿ. ಊರಿಗೆ ಬಂದ್ಮೇಲೆ ಕೊಯ್ಲಿನ ಗಡಿಬಿಡಿಲಿ ಫಿಸಿಯೋ ಬಿಟ್ಟೋಯ್ತು, ಎರಡು ತಿಂಗಳಲ್ಲಿ ಮೊದಲಿನಂಗೇ. ಗುಣ ಮಾಡಿದ್ದು ಯಾವುದು ಅಂತ ಅವಾಗ ಗೊತ್ತಾಯ್ತು. ಸಾಲ ಇನ್ನೂ ತೀರಿಲ್ಲ.

ತೋಟದಮನೆ:
ಓದಿ ಎದೆ ಭಾರ ಆಯ್ತು, ಆದ್ರೂ ಹೇಳಿದ್ದು ಒಳ್ಳೇದಾಯ್ತು. ಐದು ತಿಂಗಳಾಗಿದ್ದಕ್ಕೆ ಇನ್ನು ಟೈಮ್ ಮುಗೀತಾ? ಫಿಸಿಯೋ ವಾರಕ್ಕೆ ಒಂದೇ ಸಲ ಆಗ್ತಿದೆ. ಭುಜನೂ ನೋವು ಅಂತಾರೆ.

ಫಿಸಿಯೋ_ಶಿವಮೊಗ್ಗ:
ಮುಗಿದಿಲ್ಲ. ಮೊದಲ ಮೂರು ತಿಂಗಳು ಬೇಗ ಬರುತ್ತೆ, ಆಮೇಲೆ ನಿಧಾನ, ಆದ್ರೆ ಬರಲ್ಲ ಅಂತ ಅಲ್ಲ. ಸತ್ತ ಭಾಗದ ಕೆಲಸನ ಪಕ್ಕದ ಭಾಗ ಕಲೀಬೇಕು, ಅದಕ್ಕೆ ದಿನಾ ನೂರಾರು ಸಲ ಅದೇ ಚಲನೆ ಬೇಕು, ವಾರಕ್ಕೊಂದು ಸಲ ಸಾಲಲ್ಲ. ಮನೇಲಿ ಯಾರಾದ್ರೂ ಕಲಿತ್ಕೊಂಡು ಮಾಡ್ಸಿ. ಮುಷ್ಟಿ ಬಿಗಿ ಇದ್ರೆ ಬೊಟಾಕ್ಸ್ ಇಂಜೆಕ್ಷನ್ ಕೊಟ್ಟು ಸಡಿಲ ಮಾಡಬಹುದು, ನರರೋಗದ ಡಾಕ್ಟ್ರನ್ನ ಕೇಳಿ, ಮಣಿಪಾಲಕ್ಕೋ ನಿಮ್ಹಾನ್ಸ್‌ಗೋ ಒಂದ್ಸಲ ತೋರಿಸಿ. ಭುಜದ್ದು ಬಹಳ ಮುಖ್ಯ, ಎಬ್ಬಿಸೋವಾಗ ಬಲಗೈ ಹಿಡಿದು ಎಳೀಬೇಡಿ, ಕೀಲು ಜಾರುತ್ತೆ, ಸೊಂಟಕ್ಕೆ ಕೈ ಕೊಟ್ಟು ಎಬ್ಬಿಸಿ. ಕೂತಾಗ ಕೈ ಕೆಳಗೆ ದಿಂಬು. ಬಿಪಿ ಮಾತ್ರೆ ಒಂದು ದಿನಾನೂ ತಪ್ಪಬಾರದು.

ಬೆರಳು ಒಂಚೂರು ಬಿಚ್ಚೋಕೆ ಶುರುವಾದ್ರೆ ಎರಡು ಬಟ್ಟಲು ಇಟ್ಟು ಒಣ ಅಡಿಕೆ ಒಂದರಿಂದ ಇನ್ನೊಂದಕ್ಕೆ ಹಾಕಿಸಿ. ನಮ್ಮಲ್ಲಿ ಮರದ ಗೋಲಿ ಕೊಟ್ರೆ ಬೇಜಾರು ಮಾಡ್ಕೊಳೋರು ಅಡಿಕೆ ಕೊಟ್ರೆ ಅರ್ಧ ಗಂಟೆ ಬಿಡದೆ ಮಾಡ್ತಾರೆ.

ತೋಟದಮನೆ:
ಬಳೆ ವಾಪಸ್ ಅಮ್ಮನ ಕೈಗೆ ಹಾಕಿಸಿದೆ. ಸೋಮವಾರದಿಂದ ಫಿಸಿಯೋದೋರು ವಾರಕ್ಕೆ ಮೂರು ದಿನ ಮನೆಗೇ ಬರ್ತಾರೆ, ಉಳಿದ ದಿನ ನಾನು ಮಾಡಿಸ್ತೀನಿ. ದಿಂಬು ಇಟ್ಟು ಕೂರಿಸಿದ್ದೀನಿ ಈಗ.