ಏಳು ದಿನದಲ್ಲಿ ಹೊಸ ಉಗುರು ಬರುವುದಿಲ್ಲ, ಚಿಕ್ಕಪ್ಪ

ಚಿಕ್ಕಪ್ಪ: (ಫಾರ್ವರ್ಡ್) ಕಾಲುಗುರಿನ ಫಂಗಸ್‌ಗೆ ಮನೆಮದ್ದು! ಅರೆದ ಬೆಳ್ಳುಳ್ಳಿ, ವಿನೆಗರ್, ಅಡುಗೆ ಸೋಡಾ ಬೆರೆಸಿ ರಾತ್ರಿ ಕಟ್ಟಿ. ಏಳೇ ದಿನದಲ್ಲಿ ಹೊಸ ಉಗುರು!
ಅತ್ತಿಗೆ, ಇದು ನಿಮಗೆಂದೇ ಹಾಕಿದ್ದು.

ದೊಡ್ಡಮ್ಮ: ಓದಿದೆನಪ್ಪ. ಹೆಬ್ಬೆರಳಿನ ಉಗುರು ಹಳದಿಯಾಗಿ ಎಷ್ಟು ದಪ್ಪವಾಗಿದೆಯೆಂದರೆ ನೇಲ್ ಕಟರ್ ಬಾಯಿಗೇ ಸಿಗುವುದಿಲ್ಲ. ಇಂದೇ ಕಟ್ಟುತ್ತೇನೆ.

ವಿದ್ಯಾ: ಬೇಡ ದೊಡ್ಡಮ್ಮ, ದಯವಿಟ್ಟು ಕಟ್ಟಬೇಡಿ. ಹಸಿ ಬೆಳ್ಳುಳ್ಳಿ ರಾತ್ರಿಯಿಡೀ ಕೂತರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ನಿಮಗೆ ಸಕ್ಕರೆ ಕಾಯಿಲೆ ಇದೆ. ಪಾದದ ಸ್ಪರ್ಶ ಮಂದವಾಗಿದ್ದರೆ ಸುಟ್ಟದ್ದೂ ತಿಳಿಯುವುದಿಲ್ಲ, ಗಾಯವೂ ಬೇಗ ಮಾಯುವುದಿಲ್ಲ.
ಚಿಕ್ಕಪ್ಪ, ಕಾಲಿನ ಉಗುರು ತಿಂಗಳಿಗೆ ಬೆಳೆಯುವುದೇ ಒಂದರಿಂದ ಒಂದೂವರೆ ಮಿಲಿಮೀಟರ್. ಹೆಬ್ಬೆರಳಿನದು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಯಾವ ಮದ್ದಿಗೂ ಏಳು ದಿನ ಸಾಲದು.

ಚಿಕ್ಕಪ್ಪ: ನಿಮ್ಮ ಇಂಗ್ಲಿಷ್ ಮಾತ್ರೆ ಲಿವರ್ ಕೆಡಿಸುತ್ತದೆ. ಅದನ್ನೂ ಬರೆಯಮ್ಮ.

ವಿದ್ಯಾ: ಬರೆಯುತ್ತೇನೆ. ಉಗುರಿನ ಫಂಗಸ್‌ಗೆ ಕೊಡುವ ಟರ್ಬಿನಾಫಿನ್ ಮಾತ್ರೆಯಿಂದ ಅಪರೂಪಕ್ಕೆ ಲಿವರ್‌ಗೆ ತೊಂದರೆಯಾಗುತ್ತದೆ, ಅದಕ್ಕೇ ಮೊದಲು ರಕ್ತಪರೀಕ್ಷೆ ಮಾಡಿಸುತ್ತಾರೆ. ಸಾಮಾನ್ಯವಾಗಿ ದಿನಕ್ಕೆ 250 ಮಿಲಿಗ್ರಾಂ, ಕೈಯುಗುರಿಗೆ 6 ವಾರ, ಕಾಲುಗುರಿಗೆ 12 ವಾರ. ಇಟ್ರಾಕೊನಜೋಲ್ ಎಂಬ ಇನ್ನೊಂದು ಮಾತ್ರೆ ಕೆಲವು ಕೊಲೆಸ್ಟ್ರಾಲ್ ಮಾತ್ರೆಗಳ ಜೊತೆ ಆಗಿಬರುವುದಿಲ್ಲ, ಹೃದಯ ದುರ್ಬಲವಾಗಿರುವವರಿಗಂತೂ ಸಲ್ಲದು. ದೊಡ್ಡಮ್ಮನ ಮಾತ್ರೆಗಳ ಚೀಟಿ ನೋಡದೆ ಯಾರೂ ಏನನ್ನೂ ಹೇಳಬಾರದು. ನಾನೂ ಹೇಳುವುದಿಲ್ಲ.

ಕಿರಣ: ವಿದ್ಯಕ್ಕ, ನನ್ನ ಬೆರಳ ಸಂದಿಗೆ ಮೆಡಿಕಲ್ ಅಂಗಡಿಯಲ್ಲಿ ಒಂದು ಟ್ಯೂಬ್ ಕೊಟ್ಟರು. ಎರಡೇ ದಿನಕ್ಕೆ ತುರಿಕೆ ನಿಂತಿತು. ಅಮ್ಮನಿಗೂ ಅದೇ ಸಾಕಲ್ಲವೇ?

ವಿದ್ಯಾ: ಟ್ಯೂಬಿನ ಮೇಲೆ ಕ್ಲೋಬೆಟಸಾಲ್ ಎಂದಿದೆಯೇ ನೋಡು.

ಕಿರಣ: ಇದೆ.

ವಿದ್ಯಾ: ಅದು ಸ್ಟೀರಾಯ್ಡ್. ತುರಿಕೆ ಅಡಗುತ್ತದೆ, ಫಂಗಸ್ ಒಳಗೊಳಗೇ ಹಬ್ಬುತ್ತದೆ. ಸಂದಿಯ ಸೋಂಕೇ ಮುಂದೆ ಉಗುರಿಗೆ ಏರುವುದು. ನೀನೂ ಚರ್ಮರೋಗ ವೈದ್ಯರಿಗೆ ತೋರಿಸು. ದೊಡ್ಡಮ್ಮನ ಉಗುರನ್ನು ಮೊದಲು ನಮ್ಮ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸೋಣ.

ಅತ್ತೆ: ಕಣ್ಣಿಗೇ ಕಾಣುವ ಫಂಗಸ್‌ಗೆ ಪರೀಕ್ಷೆ ಬೇರೆ ಏಕೆ? ಸುಮ್ಮನೆ ಖರ್ಚು.

ವಿದ್ಯಾ: ಕಣ್ಣಿಗೆ ಕಾಣುವುದು ಕೆಟ್ಟ ಉಗುರು ಮಾತ್ರ, ಅತ್ತೆ. ಹಾಗೆ ಕೆಟ್ಟ ಉಗುರುಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಫಂಗಸ್ ಕಾರಣವೇ ಅಲ್ಲ. ಸೋರಿಯಾಸಿಸ್ ಎಂಬ ಚರ್ಮರೋಗ ಇರಬಹುದು, ಬಿಗಿ ಚಪ್ಪಲಿಯ ಒತ್ತಡವಿರಬಹುದು. ಸುಮ್ಮನೆ ಮೂರು ತಿಂಗಳು ಮಾತ್ರೆ ನುಂಗುವುದಕ್ಕಿಂತ ಈ ಖರ್ಚು ಕಡಿಮೆ. ನಮ್ಮ ಲ್ಯಾಬಿನಲ್ಲಿ ಉಗುರಿನಡಿಯ ಬಿಳಿ ಪುಡಿ ಕೆರೆದು, ಗಾಜಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟು ಕಾಯುತ್ತೇವೆ. ಉಗುರಿನ ಚೂರು ಕರಗಿ ತಿಳಿಯಾಗುತ್ತದೆ. ಫಂಗಸ್ ಇದ್ದರೆ ಸಣ್ಣ ಸಣ್ಣ ಕವಲೊಡೆದ ಎಳೆಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಒಮ್ಮೊಮ್ಮೆ ಇದ್ದರೂ ಸಿಗುವುದಿಲ್ಲ, ಆಗ ಕಲ್ಚರ್‌ಗೆ, ಅಂದರೆ ಫಂಗಸ್ ಬೆಳೆಯುತ್ತದೆಯೇ ಎಂದು ನೋಡಲು, ಇಡುತ್ತಾರೆ. ಅದಕ್ಕೆ ಕೆಲವು ವಾರ ಬೇಕು.

ಚಿಕ್ಕಪ್ಪ: ನಮ್ಮ ಅಜ್ಜಿ ಯಾವ ಲ್ಯಾಬಿಗೂ ಹೋಗಲಿಲ್ಲ. ನಾನು ಆ ಸಂದೇಶ ಅಳಿಸುವುದಿಲ್ಲ.

ವಿದ್ಯಾ: ಅಳಿಸಬೇಡಿ ಚಿಕ್ಕಪ್ಪ. ಸಕ್ಕರೆ ಕಾಯಿಲೆಯವರು ಕಟ್ಟಬಾರದು ಎಂದಾದರೂ ಅದರ ಕೆಳಗೆ ಬರೆಯಿರಿ. ಈ ಗುಂಪಿನಲ್ಲಿ ಅಂಥವರು ಇನ್ನೂ ಇದ್ದಾರೆ.

ದೊಡ್ಡಮ್ಮ: ಆಯಿತು, ಬೆಳ್ಳುಳ್ಳಿ ಸಾರಿಗೇ ಹೋಗಲಿ. ವಿದ್ಯಾ, ಉಗುರು ಕೊಡಲು ಬರುವಾಗ ಉಪವಾಸ ಇರಬೇಕೇ?

ವಿದ್ಯಾ: ಬೇಡ ದೊಡ್ಡಮ್ಮ, ತಿಂಡಿ ತಿಂದು ಬನ್ನಿ. ಅಲ್ಲಿಯವರೆಗೆ ಉಗುರು ಕತ್ತರಿಸಬೇಡಿ, ಮುಲಾಮು, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಮಾತ್ರೆಗಳ ಚೀಟಿ ಮರೆಯದೆ ತನ್ನಿ.