ಹಾಸಿಗೆ ಹಿಡಿದ ಅಜ್ಜಿ ‘ಯಾಕವಾ ಇಷ್ಟು ಮಾಡ್ತಿ’ ಅಂತ ಕೇಳಿದ್ರೆ ಯೇಸುವಿನ ಹೆಸರು ಹೇಳ್ಬೇಕಾ?

ಬೆಟಗೇರಿ ನರ್ಸ್ ಬರೆದದ್ದು:

ನಾನು ನರ್ಸ್. ಊರು ಬೆಟಗೇರಿ, ಮಗ್ಗದ ಸಪ್ಪಳದಾಗ ಬೆಳೆದಾಕಿ. ನಮ್ಮಜ್ಜಿ ಇಲ್ಲಿಯ ಜರ್ಮನ್ ದವಾಖಾನ್ಯಾಗ ಆಯಾ ಇದ್ದಳು. ನಮ್ಮ ಮನಿಗೆ ಸುವಾರ್ತೆ ಬಂದದ್ದೇ ಆ ದವಾಖಾನಿ ಬಾಗಿಲದಿಂದ. ಹಿಂಗಾಗಿ ಇದು ನನಗ ಬರೇ ಬಾಯಿಮಾತಿನ ಪ್ರಶ್ನೆ ಅಲ್ಲ.

ನಮ್ಮ ಓಣ್ಯಾಗ ಒಬ್ಬ ಅಜ್ಜಿ ಇದ್ದಾರ. ಲಿಂಗಾಯತರು, ವಯಸ್ಸು 78. ಬಚ್ಚಲದಾಗ ಜಾರಿ ಬಿದ್ದು ತೊಡಿ ಎಲುಬು ಮುರೀತು, ಹೃದಯ ತಡಕೊಳ್ಳಂಗಿಲ್ಲ ಅಂತ ಆಪರೇಷನ್ ಮಾಡಲಿಲ್ಲ. ಮ್ಯಾಲೆ ಸಕ್ಕರಿ ಬ್ಯಾನಿ. ಹಾಸಿಗಿ ಹಿಡಿದು ಐದು ತಿಂಗಳಾತು. ಬೆನ್ನ ಕೆಳಗ ನನ್ನ ಅಂಗೈ ಅಗಲ ಹುಣ್ಣು. ಖರೇ ಹೇಳಬೇಕಂದ್ರ ಮೊದಲ ದಿನ ನಾನು ಹೋದದ್ದು ದಯಾದಿಂದ ಅಲ್ಲ, ವಾಸನಿಯಿಂದ. ಅವರ ಕಿಟಕಿ ನಮ್ಮ ಹಿತ್ತಲಕಡೆ ಅದ.

ಮಗ ಒಳ್ಳೆಯವನ, ಆದ್ರ ಕೋಲಿ ಹೊಸ್ತಿಲ ದಾಟತಿದ್ದಿಲ್ಲ. ಸೊಸಿ ಮೂಗಿಗೆ ಸೆರಗು ಹಿಡಿದು ತಾಟು ಇಟ್ಟು ಬರತಿದ್ದಳು. ನಾನು ಡ್ಯೂಟಿ ಮುಗಿಸಿ ಸಂಜಿಗೆ ಹೋಗಿ ಸಲೈನಿನಿಂದ ತೊಳೀತಿದ್ದೆ. ಡಾಕ್ಟರನ್ನ ಕೇಳಿ ಮೆಟ್ರೋನಿಡಜೋಲ್ ಗುಳಗಿ ಪುಡಿ ಮಾಡಿ ಹುಣ್ಣಿನ ಮ್ಯಾಲೆ ಉದುರಿಸಿ ಕಟ್ಟು ಕಟ್ಟಿ ಬರತಿದ್ದೆ. ವಾರದಾಗ ವಾಸನಿ ಇಳೀತು. ಒಂದಿನ ಸಂಜಿಗೆ ನೋಡ್ತೀನಿ, ಮಗ ಅವ್ವನ ಕಾಲಕಡೆ ಕುಂತು ಚಾ ಕುಡಿಯಾಕತ್ತಾನ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸೋದು ಸೊಸಿಗೂ ಕಲಿಸೀನಿ.

ಈಗ ತೊಡಕು. ನಮ್ಮ ಮಹಿಳಾ ಕೂಟದಾಗ ಒಬ್ಬ ಹಿರಿಯಾಕಿ ಕೇಳಿದರು: ‘ಐದು ತಿಂಗಳಾತಲ್ಲ, ಒಂದಿನಾನೂ ಯೇಸುವಿನ ಹೆಸರು ಎತ್ತಿಲ್ಲೇನು? ಆ ಆತ್ಮಕ್ಕ ನಾಳೆ ಲೆಕ್ಕ ಕೊಡೋರು ಯಾರು?’ ಅವತ್ತು ನನಗ ನಿದ್ದಿ ಬರಲಿಲ್ಲ. ಇತ್ತಕಡೆ ಎದುರುಮನಿಯವರು ಅಜ್ಜಿ ಮಗನಿಗೆ ‘ಹುಷಾರಪ್ಪ, ಇವರು ಸುಮ್ಮನ ಮಾಡೋ ಮಂದಿ ಅಲ್ಲ’ ಅಂದಾರಂತ.

ಮೊನ್ನೆ ಅಜ್ಜಿ ತಾವ ಕೇಳಿಬಿಟ್ಟರು: ‘ಯಾಕವಾ ಇಷ್ಟು ಮಾಡ್ತಿ? ನಾ ನಿನಗೇನಾಗಬೇಕು?’ ನಾನು ‘ಸುಮ್ನ ಮಲಗ್ರಿ ಅಜ್ಜಿ’ ಅಂತ ಪಟ್ಟಿ ಸುತ್ತಿ ಎದ್ದು ಬಂದೆ. ಮನಿಗೆ ಬಂದ ಮ್ಯಾಲೆ ಯೇಸುವಿನ ಶಿಷ್ಯ ಪೇತ್ರ ನೆನಪಾದ, ಯೇಸುವನ್ನ ಹಿಡಿದ ರಾತ್ರಿ ಬೆಂಕಿ ಕಾಯಿಸಿಕೋತ ಆ ಮನುಷ್ಯನನ್ನ ನಾ ಅರಿಯೆ ಅಂದಾವ. ನಂದು ಹೇಡಿತನ ಏನು? ಹೇಳಿದ್ರ ಹುಣ್ಣು ತೊಳೆದದ್ದಕ್ಕ ಬೆಲಿ ಕೇಳಿದಂಗ ಆಗಂಗಿಲ್ಲೇನು?

—

ಜೆಪ್ಪು ಹೆಂಚು ಬರೆದದ್ದು:

ತಂಗೀ, ನನ್ನ ಮುತ್ತಜ್ಜ ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡಿದವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರಿಗೆ ಬೇಗನೆ ಒಂದು ಸಂಗತಿ ಅರ್ಥವಾಯಿತು. ದೀಕ್ಷಾಸ್ನಾನ ಪಡೆದು ಕ್ರೈಸ್ತನಾದವನನ್ನು ಜಾತಿಯವರು ಹೊರಗೆ ಹಾಕುತ್ತಿದ್ದರು, ಅವನಿಗೆ ಗೇಣಿಯೂ ಇಲ್ಲ ಕೂಲಿಯೂ ಇಲ್ಲ. ಅದಕ್ಕಾಗಿಯೇ ನೇಯ್ಗೆ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಕರುಣೆಯ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ಸಂಬಳ ಮತ್ತು ಸಭೆ (ಚರ್ಚು) ಒಂದೇ ಗೇಟಿನೊಳಗಿದ್ದರೆ ಯಾರು ಯಾವುದಕ್ಕೆ ಬಂದರು ಎಂದು ಹೇಳುವುದು ಕಷ್ಟ. ಮುತ್ತಜ್ಜನಿಗೇ ಅದು ಗೊತ್ತಿರಲಿಲ್ಲವಂತೆ. ಮುದುಕರಾದ ಮೇಲೆ ‘ಮೊದಲು ಹೊಟ್ಟೆಗೆ ಬಂದೆ, ಆಮೇಲೆ ಉಳಿದೆ’ ಎನ್ನುತ್ತಿದ್ದರೆಂದು ಅಪ್ಪ ಹೇಳಿದ್ದು.

ಅದೇ ಮಿಶನ್ನಿನ ಕಿಟ್ಟೆಲರ ನಿಘಂಟನ್ನು ನೋಡಿ. 1894ರಲ್ಲಿ ಅಚ್ಚಾಯಿತು. ಅದನ್ನು ಬಿಡಿಸಿ ಓದಲು ಯಾರೂ ದೀಕ್ಷಾಸ್ನಾನ ಮಾಡಿಸಿಕೊಳ್ಳಬೇಕಾಗಿರಲಿಲ್ಲ. ಇವತ್ತು ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಕಿಟ್ಟೆಲರ ಪ್ರತಿಮೆ ಇದೆ.

ಇನ್ನು ಪೇತ್ರನ ವಿಷಯ. ನೀವು ಅರ್ಧ ಪೇತ್ರನನ್ನು ಮಾತ್ರ ನೆನೆದಿರಿ. ಬೆಂಕಿಯ ಬಳಿ ಅರಿಯೆ ಎಂದವನ ಹೆಸರಿನ ಪತ್ರದಲ್ಲೇ, ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದ ಕೊಡಿ ಎಂಬ ಮಾತಿದೆ. ‘ಕೇಳುವವರಿಗೆ’ ಎಂಬ ಪದವನ್ನು ನಮ್ಮ ಕೂಟಗಳಲ್ಲಿ ನುಂಗಿಬಿಡುತ್ತಾರೆ. ನಿಮ್ಮ ಅಜ್ಜಿ ಕೇಳಿದ್ದಾರೆ, ನೀವು ಉತ್ತರ ಬಾಕಿ ಇಟ್ಟಿದ್ದೀರಿ.

—

ತುಮಕೂರು ಲೋಕಲ್ ಬರೆದದ್ದು:

ನಾನು ಕ್ರಿಶ್ಚಿಯನ್ ಅಲ್ಲ. ಆ ಕಡೆ ಮಂಚದ ಮೇಲಿದ್ದವರ ಮಾತೂ ಒಂದು ಇರಲಿ ಅಂತ ಬರೀತಿದ್ದೀನಿ.

ನಮ್ಮಪ್ಪ ಕೊನೇ ಹದಿನೈದು ದಿನ ಆಕ್ಸಿಜನ್ ಮೇಲಿದ್ರು. ಆಸ್ಪತ್ರೆ ಹೆಸರು ಬೇಡ. ಅಲ್ಲಿ ಒಬ್ರು ಸಿಸ್ಟರ್ ಅಪ್ಪನ ಬಾಯಿ ಒರೆಸ್ತಿದ್ದ ರೀತಿ ಇದ್ಯಲ್ಲ, ಅವರ ಕೈ ಇವತ್ತಿಗೂ ಕಣ್ಮುಂದೆ ಬರುತ್ತೆ. ಒಂದು ಬೆಳಗ್ಗೆ ಹಾಸಿಗೆ ಸರಿ ಮಾಡೋಕೆ ಅಂತ ದಿಂಬು ಎತ್ತಿದ್ರೆ ಕೆಳಗೊಂದು ಕರಪತ್ರ. ಪಾಪ, ನರಕ, ಇಂದೇ ತೀರ್ಮಾನಿಸು ಅಂತೆಲ್ಲ ಇತ್ತು. ಆ ಸಿಸ್ಟರ್ ಇಟ್ಟಿದ್ರೋ, ಬೇರೆ ಯಾರೋ ಸಂದರ್ಶನದ ಹೊತ್ತಲ್ಲಿ ಬಂದು ಇಟ್ಟು ಹೋದ್ರೋ ಗೊತ್ತಿಲ್ಲ. ಅವತ್ತಿಂದ ಅವರು ಬಾಯಿ ಒರೆಸೋದನ್ನ ನಾನು ಮೊದಲಿನ ಕಣ್ಣಲ್ಲಿ ನೋಡೋಕಾಗ್ಲಿಲ್ಲ. ಬಹುಶಃ ಅವರಿಗೆ ನಾನು ಅನ್ಯಾಯ ಮಾಡಿದೆ. ಆ ಒಂದು ಚೀಟಿಯಿಂದ ಹಾಗಾಯ್ತು.

ಮತ್ತೆ, ಬೇಜಾರ್ ಮಾಡ್ಕೋಬೇಡಿ, ದಯೆ ನಿಮ್ಮಲ್ಲಿ ಮಾತ್ರ ಇದೆ ಅನ್ನೋ ಧಾಟಿ ನಿಮ್ಮ ಕೂಟದವರ ಮಾತಲ್ಲಿ ಕೇಳ್ತು. ನಮ್ಮೂರ ಪಕ್ಕದ ಸಿದ್ಧಗಂಗೆಯಲ್ಲಿ ಎಲ್ಲ ಜಾತಿಯ ಹುಡುಗ್ರೂ, ಮುಸ್ಲಿಂ ಹುಡುಗ್ರೂ ಉಂಡು ಓದಿದಾರೆ.

ಇಷ್ಟೆಲ್ಲ ಹೇಳಿದ್ಮೇಲೂ, ಅಜ್ಜಿಗೆ ಉತ್ತರ ಕೊಡಿ ಅಂತೀನಿ. ಮುಚ್ಚಿಟ್ರೆ ಎದುರುಮನೆಯವರ ಅನುಮಾನ ಇನ್ನೂ ದಪ್ಪ ಆಗುತ್ತೆ. ಆದ್ರೆ ಹುಣ್ಣು ತೊಳೆಯೋ ಹೊತ್ತಲ್ಲಿ ಬೇಡ. ಆಗ ಅವರು ನಿಮಗೆ ಬೆನ್ನು ಕೊಟ್ಟು ಮಲಗಿರ್ತಾರೆ. ಇಷ್ಟ ಇಲ್ದಿದ್ರೆ ಎದ್ದು ಹೋಗೋಕೂ ಆಗಲ್ಲ, ಸಾಕು ನಿಲ್ಸು ಅನ್ನೋಕೂ ಧೈರ್ಯ ಬರಲ್ಲ. ಮಗನ ಎದುರಿಗೇ ಹೇಳಿ.

—

ಕರಿಕೋಟು ಬರೆದದ್ದು:

ಕಾನೂನಿನ ಮಟ್ಟಿಗೆ ಎರಡು ಮಾತು. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಕೊಡುತ್ತೆ. ಅದರಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಅಂತ 1977ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ರಾಜ್ಯದ 2022ರ ಮತಾಂತರ ತಡೆ ಕಾಯ್ದೆಯಲ್ಲಿ ಉಡುಗೊರೆ, ಕೆಲಸ, ಉಚಿತ ಶಿಕ್ಷಣದ ಜೊತೆ ದೈವಕೋಪದ ಹೆದರಿಕೆಯೂ ಆಮಿಷದ ಪಟ್ಟಿಯಲ್ಲಿತ್ತು, ಸಂಬಂಧಿಕರೂ ದೂರು ಕೊಡಬಹುದಿತ್ತು. 2023ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲು ಸಚಿವ ಸಂಪುಟ ತೀರ್ಮಾನಿಸಿತು. ಕೇಳಿದ ಪ್ರಶ್ನೆಗೆ ‘ನಾನು ಯೇಸುವನ್ನು ನಂಬ್ತೀನಿ, ಅದಕ್ಕೆ’ ಅಂತ ಉತ್ತರಿಸುವುದು ಮತಾಂತರ ಅಲ್ಲ. ‘ನೀವೂ ನಂಬಿದ್ರೆ ಹುಣ್ಣು ಮಾಯುತ್ತೆ’ ಅನ್ನಬೇಡಿ. ಕಾಯ್ದೆ ಬದಿಗಿರಲಿ, ಅದು ನರ್ಸ್ ಆಡುವ ಮಾತಲ್ಲ.

—

ಕಂಕನಾಡಿಯ ಸಿಸ್ಟರ್ ಬರೆದದ್ದು:

ಲೆಕ್ಕ ಕೇಳಿದ ಆ ಹಿರಿಯರಿಗೆ ಲೂಕನ ಸುವಾರ್ತೆಯ ಹತ್ತು ಮಂದಿ ಕುಷ್ಠರೋಗಿಗಳ ಕತೆ ಓದಿ ಹೇಳಿ. ಹತ್ತು ಮಂದಿಗೂ ಗುಣವಾಯಿತು, ತಿರುಗಿ ಬಂದದ್ದು ಒಬ್ಬ. ಮಿಕ್ಕ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದ್ದುಂಟು. ಆದರೆ ಆ ಒಂಬತ್ತು ಮಂದಿಗೆ ರೋಗ ವಾಪಸು ಬಂತೆಂದು ಲೂಕ ಬರೆದಿಲ್ಲ. ಬಂದ ಆ ಒಬ್ಬನೂ ಸಮಾರ್ಯದವನು, ಯೆಹೂದ್ಯರ ಲೆಕ್ಕದಲ್ಲಿ ಹೊರಗಿನವನು. ಅವನಿಗೂ ಯೇಸು ‘ಎದ್ದು ಹೋಗು’ ಎಂದನೇ ಹೊರತು ‘ನನ್ನ ಹಿಂದೆ ಬಾ’ ಎನ್ನಲಿಲ್ಲ.

ನಮ್ಮ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಮದ್ದು ಕೊಡಲು ಶುರುಮಾಡಿದರು, ಹತ್ತು ವರ್ಷದ ಮೇಲೆ ಕುಷ್ಠರೋಗಿಗಳಿಗೆ ಆಶ್ರಮ ಕಟ್ಟಿದರು. ಇವತ್ತು ಆ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ತುಳು, ಬ್ಯಾರಿ, ಕೊಂಕಣಿ ಎಲ್ಲ ಕಿವಿಗೆ ಬೀಳುತ್ತದೆ. ಇವರಲ್ಲಿ ಎಷ್ಟು ಮಂದಿ ಇಗರ್ಜಿಗೆ (ಚರ್ಚಿಗೆ) ಬಂದರು ಎಂದು ಯಾರಾದರೂ ಕೇಳಿದರೆ ನನಗೆ ನಗು ಬರುತ್ತದೆ.

ಅಂದ ಹಾಗೆ, ಗಾಳಿ ಹಾಸಿಗೆ ಹಾಕಿದ್ದೀರಾ? ಎರಡು ತಾಸಿಗೊಮ್ಮೆ ಮಗುಚಿದರೂ ರಾತ್ರಿ ಸೊಸೆ ನಿದ್ದೆ ಹೋಗುತ್ತಾಳೆ, ಪಾಪ.

—

ಬೆಟಗೇರಿ ನರ್ಸ್, ಒಂಬತ್ತು ದಿನದ ಮ್ಯಾಲೆ:

ಎಲ್ಲಾರಿಗೂ ಉತ್ತರಾ ಕೊಡೂದು ತಡಾ ಆತು. ಸಿಸ್ಟರ್, ಗಾಳಿ ಹಾಸಿಗಿ ತಂದೇವಿ, ಮಗನ ರೊಕ್ಕಾ ಕೊಟ್ಟ.

ಭಾನುವಾರ ಆರಾಧನೆ ಮುಗಿಸಿ ಡ್ರೆಸಿಂಗ್ ಡಬ್ಬಿ ಬಿಟ್ಟು ಬರೇ ಕೈಲೆ ಹೋದೆ. ಮಗ ಇದ್ದ, ಸೊಸಿ ಹೊಸ್ತಿಲದಾಗ ಅಕ್ಕಿ ಆರಿಸಾಕತ್ತಿದ್ದಳು. ‘ಅಜ್ಜಿ, ಅವತ್ತು ಕೇಳಿದ್ರೆಲ್ಲ, ಯಾಕ ಮಾಡ್ತಿ ಅಂತ’ ಅಂದೆ. ನಮ್ಮಜ್ಜಿ ಆಯಾ ಇದ್ದದ್ದು ಹೇಳಿದೆ. ಆಕಿ ಮಂದಿ ಗಾಯ ತೊಳೆದು ಮನಿಗೆ ಬಂದು ನಮಗ ಹೇಳತಿದ್ದ ಕತಿ ಹೇಳಿದೆ. ಸಾಯೂ ಹಿಂದಿನ ರಾತ್ರಿ ಯೇಸು ಟೊಂಕಕ್ಕ ವಲ್ಲಿ ಕಟ್ಟಿಕೊಂಡು ತನ್ನ ಶಿಷ್ಯರ ಕಾಲು ತೊಳೆದ, ನೀವೂ ಹಿಂಗ ಮಾಡ್ರಿ ಅಂದ. ‘ನಾ ಅವನ್ನ ನಂಬೀನಿ, ಅದಕ್ಕ ಮಾಡ್ತೀನಿ. ನೀವು ಲಿಂಗಪೂಜಿ ಬಿಡ್ರಿ ಅಂತಲ್ಲ. ನೀವು ಹೂಂ ಅಂದ್ರೂ ಊಂಹೂಂ ಅಂದ್ರೂ ನಾಳೆ ಸಂಜಿಗೆ ಬರಾಕಿನ.’ ಇಷ್ಟ ಹೇಳಾಕ ಬಾಯಿ ಒಣಗಿತ್ತು.

ಅಜ್ಜಿ ಸುಮಾರು ಹೊತ್ತು ಜಂತಿ ನೋಡಿಕೋತ ಮಲಗಿದ್ದರು. ಆಮ್ಯಾಲೆ: ‘ಪಗಾರ ಕೊಡ್ತಾನೇನು ನಿಮ್ಮ ಯೇಸು?’

‘ಇಲ್ರಿ.’

‘ಮತ್ತ ಎದುರುಮನಿಯಾವ ತಲಿಗಿಷ್ಟಂತ ಬರ್ತದ ಅಂದಾನಂತ.’ ಮಗ ತಲಿ ಕೆಳಗ ಹಾಕಿದ.

ಮತ್ತೊಂದು ಸ್ವಲ್ಪ ಹೊತ್ತಿಗೆ ಅಜ್ಜಿ ಕತ್ತು ನನ್ನಕಡೆ ತಿರುಗಿಸಿದರು. ‘ಶಿಷ್ಯರ ಕಾಲು ಗುರುನ ತೊಳೆದನಾ? ನಾವು ಜಂಗಮರ ಪಾದ ತೊಳೀತೀವಿ, ಪಾದೋದಕ ತಗೋತೀವಿ. ಗುರು ಬಗ್ಗಿ ಶಿಷ್ಯನ ಕಾಲು ಹಿಡಿಯೂದು ಕೇಳಿಲ್ಲವಾ ನಾ.’ ಶಿಷ್ಯರು ಹೆಂಗ ಸುಮ್ನಿದ್ರು ಅಂತ ಅವರಿಗೆ ಒಂಥರಾ ಸಿಟ್ಟ ಬಂದಿತ್ತು. ಒಬ್ಬಾವ ಬ್ಯಾಡ ಅಂದಿದ್ದ ಅಂತ ಹೇಳಿದೆ. ನಮ್ಮ ಪೇತ್ರನ. ‘ಅಂವ ಶಾಣ್ಯಾ’ ಅಂದ್ರು.

ಹುಣ್ಣಿನ ಅಂಚು ಒಳಗ ಬರಾಕತ್ತದ, ತಳ ಕೆಂಪಗಾಗೇದ. ಇನ್ನ ಎರಡು ಮೂರು ತಿಂಗಳಾದ್ರೂ ಬೇಕು.

ಕೂಟದಾಗ ಆ ಹಿರಿಯಾಕಿ ಮತ್ತ ಕೇಳಿದ್ರು, ಹೇಳಿದ್ಯಾ ಅಂತ. ಹೇಳಿದೆ ಅಂದೆ. ಏನಂದ್ರು ಅಂತ ಎಲ್ಲಾರೂ ನನ್ನ ಮಾರಿ ನೋಡಿದ್ರು. ಏನು ಹೇಳ್ಲಿ? ನಾನು ಎದ್ದು ಹೊಂಟಾಗ ಅಜ್ಜಿ ಕೇಳಿದ್ದು ಒಂದ: ‘ಆ ನೀರು ಬಿಸಿ ಇತ್ತೋ, ತಣ್ಣಗಿತ್ತೋ?’