ಪಥ್ಯ ಹಿಡಿಯದೆ, ಎಲ್ಲರೊಂದಿಗೆ ಉಂಡುಕೊಂಡೇ ನಿಧಾನವಾಗಿ ತೂಕ ಇಳಿಸಬಹುದೇ?

ಪ್ರಶ್ನೆ

ನನಗೆ 42 ವರ್ಷ, ಎತ್ತರ 165 ಸೆಂಟಿಮೀಟರ್, ತೂಕ 84 ಕಿಲೋ. ದಿನದ ಬಹುಪಾಲು ಕುಳಿತು ಮಾಡುವ ಕೆಲಸ. ಕಳೆದ ವರ್ಷ ರಾತ್ರಿಯೂಟವನ್ನು ಪೂರ್ತಿಯಾಗಿ ಬಿಟ್ಟು, ಹಗಲಿನಲ್ಲೂ ಹಣ್ಣು ತರಕಾರಿಗಳಲ್ಲೇ ಕಾಲ ತಳ್ಳಿ, ಆರು ವಾರಗಳಲ್ಲಿ 6 ಕಿಲೋ ಇಳಿಸಿದ್ದೆ. ಏಳನೆಯ ವಾರ ಮನೆಗೆ ನೆಂಟರು ಬಂದಾಗ ಮುರಿದ ಪಥ್ಯ ಮತ್ತೆ ಕೂಡಿಬರಲಿಲ್ಲ. ಐದು ತಿಂಗಳೊಳಗೆ 7 ಕಿಲೋ ಮರಳಿ ಬಂತು. ಮನೆಮಂದಿಗೊಂದು ಅಡುಗೆ, ನನಗೊಂದು ಅಡುಗೆ ಎಂದು ಬೇರೆ ಮಾಡಿಕೊಳ್ಳಲು ನನಗೆ ಬಿಡುವೂ ಇಲ್ಲ, ಮನಸ್ಸೂ ಇಲ್ಲ. ಎಲ್ಲರೂ ಉಣ್ಣುವುದನ್ನೇ ಉಂಡು ತೂಕ ಇಳಿಸುವುದಾದರೆ ಮೊದಲು ಯಾವುದಕ್ಕೆ ಕೈಹಾಕಬೇಕು, ತಿಂಗಳಿಗೆ ಎಷ್ಟು ಇಳಿದರೆ ಸಾಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು. ಇನ್ನೊಂದು ಸಂಗತಿಯೂ ಇದೆ. ಆಗ ಒಂದೇ ರಾತ್ರಿಯಲ್ಲಿ ತೂಕ ಒಂದೂವರೆ ಕಿಲೋ ಏರಿದ್ದನ್ನು ಕಂಡೇ ನಾನು ಕೈಚೆಲ್ಲಿದ್ದು. ಅಷ್ಟು ಬೇಗ ಕೊಬ್ಬು ಕೂಡುವುದುಂಟೇ?

ಮೊದಲ ಉತ್ತರ

ನಾನು ಹದಿನಾಲ್ಕು ತಿಂಗಳಲ್ಲಿ 11 ಕಿಲೋ ಇಳಿಸಿದೆ. ಅದಾಗಿ ಎರಡು ವರ್ಷ ಕಳೆದರೂ ಅದರಲ್ಲಿ 9 ಕಿಲೋ ಮರಳಿ ಬಂದಿಲ್ಲ. ಬೇರೆ ಅಡುಗೆಯನ್ನು ಒಂದು ದಿನವೂ ಮಾಡಿಕೊಂಡವನಲ್ಲ. ಆದುದರಿಂದ ನಿಮ್ಮ ಮೊದಲ ಪ್ರಶ್ನೆಗೆ ಉತ್ತರಿಸುವ ಧೈರ್ಯ ಮಾಡುತ್ತೇನೆ.

ಮೊದಲ ಒಂದು ವಾರ ಯಾವ ಬದಲಾವಣೆಯನ್ನೂ ಮಾಡಬೇಡಿ. ಬಾಯಿಗೆ ಹೋದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ನಾನು ಹೀಗೆ ಬರೆದಾಗ ತಟ್ಟೆಯ ಮುಂದೆ ಕುಳಿತು ಉಂಡದ್ದರಲ್ಲಿ ಅಂಥ ದೋಷವೇನೂ ಕಾಣಲಿಲ್ಲ. ದೋಷವಿದ್ದದ್ದು ನಿಂತುಕೊಂಡು ತಿಂದದ್ದರಲ್ಲಿ. ಮಗಳು ತಟ್ಟೆಯಲ್ಲಿ ಬಿಟ್ಟ ಎರಡು ತುತ್ತು, ಪಾತ್ರೆ ತೊಳೆಯುವ ಮೊದಲು ತಳದಲ್ಲಿ ಉಳಿದಿದ್ದ ಒಂದು ಸೌಟು, ಡಬ್ಬಿಯ ಮುಚ್ಚಳ ತೆರೆದಾಗಲೆಲ್ಲ ಒಂದು ಹಿಡಿ ಕುರುಕಲು, ಇವನ್ನು ನಾನು ಊಟದ ಲೆಕ್ಕಕ್ಕೆ ಹಿಡಿದಿರಲೇ ಇಲ್ಲ. ಚಹಾದ್ದು ಇನ್ನೊಂದು ಕಥೆ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಟೀ ಚಮಚ ಸಕ್ಕರೆ. ಚಮಚಕ್ಕೆ ಸುಮಾರು 4 ಗ್ರಾಂ ಎಂದು ಹಿಡಿದರೂ 40 ಗ್ರಾಂ ಸಕ್ಕರೆ, ಅಂದರೆ ಹಸಿವನ್ನು ಒಂದಿಷ್ಟೂ ತಣಿಸದ 160 ಕ್ಯಾಲೊರಿ. ಸಕ್ಕರೆಯನ್ನು ಒಮ್ಮೆಗೇ ಬಿಡದೆ ಎರಡು ಚಮಚವನ್ನು ಒಂದೂವರೆಗೆ, ಮೂರು ವಾರದ ಮೇಲೆ ಒಂದಕ್ಕೆ, ಆಮೇಲೆ ಅರ್ಧಕ್ಕೆ ಇಳಿಸಿದೆ. ಈಗ ಯಾರಾದರೂ ಹಳೆಯ ಅಳತೆಯಲ್ಲಿ ಚಹಾ ಕೊಟ್ಟರೆ ಪಾಯಸ ಕುಡಿದಂತಾಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಎಣ್ಣೆಯ ಬಾಟಲಿ. ಒಂದು ಲೀಟರಿನ ಬಾಟಲಿ ತೆರೆದ ದಿನ ಅದರ ಮೇಲೆ ಪೆನ್ನಿನಿಂದ ದಿನಾಂಕ ಬರೆದಿಟ್ಟೆ. ನಾಲ್ಕು ಜನರ ನಮ್ಮ ಮನೆಯಲ್ಲಿ ಅದು ಒಂಬತ್ತು ದಿನಕ್ಕೆ ಮುಗಿಯಿತು. ಲೀಟರ್ ಎಣ್ಣೆಯ ತೂಕ ಸುಮಾರು 920 ಗ್ರಾಂ, ಗ್ರಾಮಿಗೆ 9 ಕ್ಯಾಲೊರಿ. ಭಾಗಿಸಿ ನೋಡಿದರೆ ತಲೆಗೆ ದಿನವೊಂದಕ್ಕೆ 230 ಕ್ಯಾಲೊರಿ ಬರೀ ಎಣ್ಣೆಯಿಂದಲೇ ಬರುತ್ತಿತ್ತು. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕತೊಡಗಿದ ಮೇಲೆ ಅದೇ ಬಾಟಲಿ ಹದಿನಾಲ್ಕು ದಿನ ಬಂತು. ತಲೆಗೆ ಸುಮಾರು 80 ಕ್ಯಾಲೊರಿ ಕಡಿಮೆಯಾಯಿತು. ರುಚಿ ಕೆಟ್ಟಿತೆಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ನಾನು ಹೇಳುವವರೆಗೆ ಯಾರಿಗೂ ತಿಳಿದಿರಲಿಲ್ಲ.

ಎರಡನೆಯ ಉತ್ತರ

ತೂಕದ ಯಂತ್ರದ ವಿಷಯವಾಗಿ ನಾನು ಹೇಳುತ್ತೇನೆ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು 7,700 ಕ್ಯಾಲೊರಿ. ಒಂದೂವರೆ ಕಿಲೋ ಕೊಬ್ಬು ಕೂಡಬೇಕಾದರೆ ನೀವು ಆ ದಿನದ ಖರ್ಚಿನ ಮೇಲೆ ಹನ್ನೊಂದು ಸಾವಿರಕ್ಕೂ ಹೆಚ್ಚು ಕ್ಯಾಲೊರಿ ತಿಂದಿರಬೇಕಿತ್ತು. ಎಷ್ಟೇ ಜನ ನೆಂಟರು ಬಂದಿದ್ದರೂ ಅದು ಸಾಮಾನ್ಯ ಮನುಷ್ಯರಿಂದ ಆಗುವ ಕೆಲಸವಲ್ಲ. ಏರಿದ್ದು ನೀರು. ನಾವು ಉಣ್ಣುವ ಪಿಷ್ಟದ ಒಂದು ಭಾಗವನ್ನು ಯಕೃತ್ತು ಮತ್ತು ಸ್ನಾಯುಗಳು ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತವೆ. ಅದರ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರೂ ನಿಲ್ಲುತ್ತದೆ. ಪಥ್ಯ ಹಿಡಿದ ಮೊದಲ ವಾರ ಈ ಸಂಗ್ರಹ ಖಾಲಿಯಾಗುವುದರಿಂದ ತೂಕ ದಡದಡನೆ ಇಳಿದಂತೆ ಕಾಣುತ್ತದೆ, ಒಂದು ದಿನ ಹೊಟ್ಟೆ ತುಂಬ ಉಂಡೊಡನೆ ಅದೇ ನೀರು ಮರಳಿ ಬರುತ್ತದೆ. ಉಪ್ಪು ಹೆಚ್ಚಾದ ಊಟದ ಮರುದಿನವೂ ಹೀಗೆಯೇ. ನಿಮ್ಮ 6 ಕಿಲೋದಲ್ಲಿ ಒಂದು ಪಾಲು ಮೊದಲಿನಿಂದಲೂ ಕೊಬ್ಬಾಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಇಲ್ಲದ ಗೆಲುವಿಗೆ ಹಿಗ್ಗಿದಿರಿ, ಇಲ್ಲದ ಸೋಲಿಗೆ ಕುಗ್ಗಿದಿರಿ.

ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನನ್ನೂ ತಿನ್ನುವ ಮೊದಲು ತೂಕ ನೋಡಿ ಬರೆದಿಡಿ. ಏಳು ದಿನದ ಅಂಕಿಗಳನ್ನು ಕೂಡಿಸಿ ಏಳರಿಂದ ಭಾಗಿಸಿ, ಆ ಸರಾಸರಿಯನ್ನು ಮಾತ್ರ ಹಿಂದಿನ ವಾರದ ಸರಾಸರಿಯೊಂದಿಗೆ ಹೋಲಿಸಿ. ದಿನಕ್ಕೆ 250 ಕ್ಯಾಲೊರಿ ಕಡಿಮೆಯಾದರೆ ಲೆಕ್ಕದ ಪ್ರಕಾರ ತಿಂಗಳಿಗೆ ಸುಮಾರು ಒಂದು ಕಿಲೋ ಇಳಿಯಬೇಕು. ಆದರೆ ದೇಹ ಹಗುರಾದಂತೆ ಅದರ ಖರ್ಚೂ ತಗ್ಗುವುದರಿಂದ ಕೆಲವು ತಿಂಗಳ ಮೇಲೆ ಇಳಿತ ಮಂದವಾಗುತ್ತದೆ. ಅದನ್ನು ಯಂತ್ರದ ದೋಷವೆಂದೋ ನಿಮ್ಮ ದೋಷವೆಂದೋ ತಿಳಿಯಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬರೆದಿಡುವುದನ್ನು ನಿನ್ನೆಯಿಂದಲೇ ಆರಂಭಿಸಿದ್ದೇನೆ. ಸಂಜೆ ಐದರಿಂದ ಏಳರ ನಡುವಿನ ಸಾಲುಗಳೇ ಪುಟದ ಅರ್ಧ ತುಂಬಿವೆ. ಆ ಹೊತ್ತಿನ ಹಸಿವನ್ನು ತಡೆಯುವ ಬಗೆ ಹೇಗೆ? ರಾತ್ರಿ ಅನ್ನ ಬಿಡಬೇಕೆಂದು ಅನೇಕರು ಹೇಳುತ್ತಾರೆ, ಅದು ನಿಜವೇ? ಹಿಂದೆ ಹೇಳಲು ಮರೆತಿದ್ದೆ, ಮೂರು ವರ್ಷದಿಂದ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

ಮೂರನೆಯ ಉತ್ತರ

ನಾನು ಆಹಾರ ಸಲಹೆಯ ಕೆಲಸ ಮಾಡುವವಳು. ಸಂಜೆಯ ಹಸಿವಿನ ಬೇರು ಬಹಳಷ್ಟು ಮಂದಿಯಲ್ಲಿ ಬೆಳಗಿನ ಮತ್ತು ಮಧ್ಯಾಹ್ನದ ತಟ್ಟೆಯಲ್ಲಿರುತ್ತದೆ. ಆ ಎರಡು ಹೊತ್ತಿನಲ್ಲಿ ಪ್ರೋಟೀನ್ ಮತ್ತು ನಾರಿನಂಶ ಸಾಲದೆ ಬರೀ ಪಿಷ್ಟವೇ ತುಂಬಿದ್ದರೆ ಸಂಜೆಗೆ ಹೊಟ್ಟೆ ತಾಳ ಹಾಕದೆ ಬಿಡುವುದಿಲ್ಲ. ಕಾಳು, ಬೇಳೆ, ಮೊಸರು, ಮೊಟ್ಟೆ, ಮೀನು, ಇವುಗಳಲ್ಲಿ ನಿಮ್ಮ ಮನೆಯಲ್ಲಿ ಇರುವುದನ್ನೇ ಮಧ್ಯಾಹ್ನ ಇನ್ನೊಂದು ಪಾಲು ಹಾಕಿಕೊಳ್ಳಿ. ತರಕಾರಿಯನ್ನು ಮೊದಲು ಬಡಿಸಿಕೊಂಡು ಅರ್ಧ ತಟ್ಟೆ ತುಂಬಿಸಿ, ಉಳಿದ ಜಾಗದಲ್ಲಿ ಅನ್ನಕ್ಕೆ ಎಡೆ ಮಾಡಿ. ರಾತ್ರಿ ಅನ್ನ ಉಂಡರೆ ಮಾತ್ರ ಕೊಬ್ಬಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಲೆಕ್ಕಕ್ಕೆ ಬರುವುದು ಇಡೀ ದಿನದ ಮೊತ್ತ. ನಿಧಾನವಾಗಿ ಉಣ್ಣಿ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟಲು ಹದಿನೈದು ಇಪ್ಪತ್ತು ನಿಮಿಷವಾದರೂ ಬೇಕಾಗುತ್ತದೆ, ಐದೇ ನಿಮಿಷದಲ್ಲಿ ಊಟ ಮುಗಿಸುವವರಿಗೆ ಅದು ತಲುಪುವುದು ಕೈ ತೊಳೆದ ಮೇಲೆ.

ಪೊಟ್ಟಣದ ತಿಂಡಿಗಳ ಬಗ್ಗೆ ಮಾತ್ರ ಸ್ವಲ್ಪ ಕಟ್ಟುನಿಟ್ಟಾಗಿರಿ ಎನ್ನುತ್ತೇನೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 20 ಮಂದಿಯನ್ನು ಅಲ್ಲಿಯೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ ಎರಡು ವಾರ ಸಂಸ್ಕರಿಸದ ಆಹಾರವನ್ನೂ ಬಡಿಸಿ, ಬೇಕಾದಷ್ಟು ತಿನ್ನಲು ಬಿಟ್ಟರು. ಬಡಿಸಿದ ಊಟಗಳಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರಿನಂಶಗಳ ಪ್ರಮಾಣವನ್ನು ಸಮವಾಗಿಟ್ಟಿದ್ದರೂ ಸಂಸ್ಕರಿಸಿದ ಆಹಾರವಿದ್ದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಇನ್ನಷ್ಟು ಬೇಗಬೇಗನೆ ತಿಂದರು. ಅವರ ಮನೋಬಲ ಎರಡು ವಾರಕ್ಕೊಮ್ಮೆ ಬದಲಾಗಿರಲಾರದು. ಸಂಜೆ ಐದಕ್ಕೆ ಕೈಗೆಟುಕುವಂತೆ ಏನಿಟ್ಟಿದ್ದೀರಿ ಎಂಬುದೇ ಮುಖ್ಯ. ಬೇಯಿಸಿದ ಕಾಳೋ ಹಣ್ಣೋ ಎದುರಿಗಿರಲಿ, ಪೊಟ್ಟಣ ಮನೆಗೆ ಬರುವುದೇ ಬೇಡ.

ನಿಮ್ಮ ತೂಕದ ಶೇಕಡಾ 5, ಅಂದರೆ 4 ಕಿಲೋ ಚಿಲ್ಲರೆ ಇಳಿದರೂ ರಕ್ತದೊತ್ತಡದಲ್ಲಿ ಸುಧಾರಣೆ ಕಾಣುವುದುಂಟು. ಆದುದರಿಂದಲೇ ಮಾತ್ರೆಯ ವಿಷಯದಲ್ಲಿ ಎಚ್ಚರ ಬೇಕು. ತೂಕ ಇಳಿಯುತ್ತಿರುವಾಗ ಹಳೆಯ ಪ್ರಮಾಣದ ಮಾತ್ರೆಯೇ ಹೆಚ್ಚಾಗಿ, ಕುಳಿತಲ್ಲಿಂದ ಎದ್ದಾಗ ತಲೆ ಸುತ್ತಿ ಬಂದಂತಾಗಬಹುದು. ಹಾಗಾಯಿತೆಂದು ನೀವೇ ಮಾತ್ರೆ ಬಿಡುವುದಾಗಲಿ ಅರ್ಧ ಮಾಡುವುದಾಗಲಿ ಕೂಡದು. ಊಟದಲ್ಲಿ ಬದಲಾವಣೆ ಮಾಡಿಕೊಳ್ಳುತ್ತಿರುವುದನ್ನು ವೈದ್ಯರಿಗೆ ಈಗಲೇ ತಿಳಿಸಿ, ಮನೆಯಲ್ಲಿ ಅಳೆದ ರಕ್ತದೊತ್ತಡದ ಅಂಕಿಗಳನ್ನೂ ಅದೇ ಪುಸ್ತಕದಲ್ಲಿ ಬರೆದುಕೊಂಡು ಹೋಗಿ ತೋರಿಸಿ.